ಬಿಟ್ಟ ಸ್ಥಳದ ಕರಾರು



ನನ್ನ ಸೋದರಮಾವ ಪತ್ರ ಬರಹಗಾರರಾಗಿದ್ದರು. ಉಪನೋಂದಣಾಧಿಕಾರಿ ಕಚೇರಿಯ ಎದುರು ಅವರದೊಂದು ಮೇಜು, ಒಂದು ಬೆಂಚು, ಒಂದು ಟ್ರಂಕು. ಟ್ರಂಕಿನ ತುಂಬ ಕರಡುಗಳು: ಕ್ರಯಪತ್ರದ್ದು, ಭೋಗ್ಯಪತ್ರದ್ದು, ವಿಭಾಗಪತ್ರದ್ದು, ಬಾಡಿಗೆ ಕರಾರಿನದು. ಕರಡಿನ ಮುಕ್ಕಾಲು ಪಾಲು ಮಾತು ಯಾರು ಬಂದರೂ ಅದೇ. ಹೆಸರು, ಮೊಬಲಗು, ಚೆಕ್ಕುಬಂದಿ ಬರುವಲ್ಲಿ ಮಾತ್ರ ಜಾಗ ಖಾಲಿ. ಆ ಖಾಲಿ ಜಾಗಗಳಿಗೆಲ್ಲ ಮಾವ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದರು. ಛಾಪಾ ಕಾಗದದ ಮೇಲೆ ಬರೆದು ಮುಗಿಸಿದ ಮೇಲೆ ಕರಡನ್ನು ಪಕ್ಕಕ್ಕಿಟ್ಟುಕೊಂಡು, ಕೆಂಪು ಗೆರೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ಪತ್ರದಲ್ಲಿ ಪ್ರತಿಯೊಂದಕ್ಕೂ ಉತ್ತರ ಇದೆಯೇ ಎಂದು ನೋಡುತ್ತಿದ್ದರು. ಹಾಗೆ ನೋಡದೆ ಯಾವ ಪತ್ರವನ್ನೂ ಕಕ್ಷಿದಾರರ ಕೈಗೆ ಕೊಟ್ಟವರಲ್ಲ.

ಎಷ್ಟೋ ವರ್ಷಗಳ ಮೇಲೆ, ಸ್ಮಾರ್ಟ್ ಕಾಂಟ್ರಾಕ್ಟ್ ಬರೆಯುವ ಕೆಲಸದಲ್ಲಿ 'ಅಬ್‌ಸ್ಟ್ರಾಕ್ಟ್' ಎಂಬ ಪದವನ್ನು ಮೊದಲ ಸಲ ಕಂಡಾಗ ನನಗೆ ಆ ಕೆಂಪು ಗೆರೆ ನೆನಪಾಯಿತು. ಇವತ್ತಿನ ಉಪನ್ಯಾಸ ಆ ಒಂದು ಪದದ ಮೇಲೆ. ಯಂತ್ರ ಮಾಡುವ ಕೆಲಸಕ್ಕೆ ಆ ಪದ ಏನನ್ನೂ ಸೇರಿಸುವುದಿಲ್ಲ. ಬರೆದವನ ಮನಸ್ಸಿನಲ್ಲಿದ್ದುದನ್ನು ಕಾಗದಕ್ಕೆ ತರುತ್ತದೆ, ಅಷ್ಟೇ. ಬರೆದದ್ದನ್ನು ತಿದ್ದಲಾಗದ ಕಡೆ ಆ 'ಅಷ್ಟೇ' ಬಹಳ ದೊಡ್ಡದು ಎಂಬುದು ನನ್ನ ವಾದ.

ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಮಾತು 1990ರ ದಶಕದ್ದು. ಅದನ್ನು ಬಳಕೆಗೆ ತಂದ ನಿಕ್ ಸಾಬೊ ಕೊಟ್ಟ ಉದಾಹರಣೆ ನಾಣ್ಯ ಹಾಕಿದರೆ ಸರಕು ಉದುರಿಸುವ ಯಂತ್ರ. ಮಾರುವವನು ಎದುರಿಗಿಲ್ಲ, ಚೌಕಾಸಿಯಿಲ್ಲ. ಕರಾರಿನ ಷರತ್ತುಗಳೆಲ್ಲ ಯಂತ್ರದ ಹೊಟ್ಟೆಯೊಳಗೇ ಇವೆ. ಈ ಕಲ್ಪನೆಗೆ ದೊಡ್ಡ ನೆಲೆ ಸಿಕ್ಕಿದ್ದು 2015ರ ಜುಲೈ 30ರಂದು ಶುರುವಾದ ಈಥೀರಿಯಂ ಜಾಲದಲ್ಲಿ. ಅಲ್ಲಿ ಒಂದು ಪ್ರೋಗ್ರಾಮನ್ನು ಜಾಲಕ್ಕೆ ಏರಿಸಿದರೆ ಅದಕ್ಕೊಂದು ವಿಳಾಸ ಸಿಗುತ್ತದೆ. ಆ ವಿಳಾಸಕ್ಕೆ ಈಥರ್ ಎಂಬ ಅಲ್ಲಿನ ಹಣ ಬರುತ್ತದೆ, ಅಲ್ಲಿಂದ ಹೋಗುತ್ತದೆ. ಯಾವಾಗ, ಯಾರಿಗೆ, ಎಷ್ಟು ಎಂಬುದನ್ನು ಪ್ರೋಗ್ರಾಂ ನಿರ್ಧರಿಸುತ್ತದೆ. ಏರಿಸಿದ ಮೇಲೆ ಅದರ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಇಂಥ ಕರಾರುಗಳನ್ನು ಹೆಚ್ಚಾಗಿ ಬರೆಯುವುದು ಸಾಲಿಡಿಟಿ ಎಂಬ ಭಾಷೆಯಲ್ಲಿ. ಗ್ಯಾವಿನ್ ವುಡ್ 2014ರಲ್ಲಿ ಇದನ್ನು ಮುಂದಿಟ್ಟರು. ಕ್ರಿಶ್ಚಿಯನ್ ರೈಟ್‌ವೀಸ್ನರ್ ಮತ್ತು ಸಂಗಡಿಗರು ಕಟ್ಟಿ ಬೆಳೆಸಿದರು.

ಆ ಭಾಷೆಗೆ ಮೊದಲ ವರ್ಷಗಳಲ್ಲಿ ಒಂದು ದುರಭ್ಯಾಸವಿತ್ತು. ನೀವು ಹೇಳದೆ ಬಿಟ್ಟದ್ದನ್ನು ಅದು ತಾನೇ ಊಹಿಸಿಕೊಳ್ಳುತ್ತಿತ್ತು. ರುಬಿಕ್ಸಿ ಎಂಬ ಕರಾರಿನ ಕತೆ ನೋಡಿ. ಆಗ, ಕರಾರಿನ ಹೆಸರನ್ನೇ ಹೊತ್ತ ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯಬಹುದಾದ ಕೆಲಸದ ತುಣುಕು, ಯಾವುದಿದೆಯೋ ಅದು ಹುಟ್ಟುವಾಗ ಒಮ್ಮೆ ಮಾತ್ರ ನಡೆಯುವ ಕನ್‌ಸ್ಟ್ರಕ್ಟರ್ ಎಂಬ ನಿಯಮವಿತ್ತು. ಆ ಕರಾರಿಗೆ ಮೊದಲು ಡೈನಮಿಕ್ ಪಿರಮಿಡ್ ಎಂದು ಹೆಸರಿತ್ತು. ಆಮೇಲೆ ಕರಾರಿನ ಹೆಸರು ಬದಲಾಯಿತು, ಒಳಗಿನ ಫಂಕ್ಷನ್ನಿನ ಹೆಸರು ಹಳೆಯದೇ ಉಳಿಯಿತು. 'ಒಡೆಯ ಯಾರು' ಎಂದು ಬರೆದಿಡುತ್ತಿದ್ದ ಫಂಕ್ಷನ್ ಈಗ ಎಲ್ಲರಿಗೂ ತೆರೆದ ಸಾಮಾನ್ಯ ಫಂಕ್ಷನ್ ಆಯಿತು. ಕರೆದವರೆಲ್ಲ ಒಡೆಯರೇ. 2018ರಲ್ಲಿ ಕನ್‌ಸ್ಟ್ರಕ್ಟರಿಗೆ ಅದರದೇ ಪದ ಬಂತು. ಅದೇ ವರ್ಷದ ಕೊನೆಯಲ್ಲಿ ಬಂದ 0.5.0 ಆವೃತ್ತಿ ಹಳೆಯ ಪದ್ಧತಿಯನ್ನು ತೆಗೆದುಹಾಕಿತು. ಪ್ರತಿ ಫಂಕ್ಷನ್ನೂ ಹೊರಗಿನವರಿಗೋ ಒಳಗಿನವರಿಗೋ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕೆಂದೂ ವಿಧಿಸಿತು. 2019ರ ಡಿಸೆಂಬರಿನಲ್ಲಿ ಬಂದ 0.6.0 ಆವೃತ್ತಿ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. 'ಅಬ್‌ಸ್ಟ್ರಾಕ್ಟ್', 'ವರ್ಚುವಲ್', 'ಓವರ್‌ರೈಡ್' ಎಂಬ ಮೂರು ಮಾತುಗಳಿಗೆ ಅಲ್ಲಿ ಕಡ್ಡಾಯದ ಸ್ಥಾನ ಸಿಕ್ಕಿತು.

ಕನ್ನಡದಲ್ಲಿ ಅಬ್‌ಸ್ಟ್ರಾಕ್ಟ್ ಎಂದರೆ ಅಮೂರ್ತ ಎನ್ನುತ್ತೇವೆ. ಇಲ್ಲಿ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಮೂರ್ತ ಎಂದೊಡನೆ ಆಕಾರವೇ ಇಲ್ಲದ್ದು, ಕೈಗೆ ಸಿಗದ್ದು ಎಂಬ ಭಾವ ಬರುತ್ತದೆ. ಆದರೆ ಈ ಕರಾರಿಗೆ ಆಕಾರ ಧಾರಾಳವಾಗಿದೆ. ಲೆಕ್ಕ ಇಡುವ ಚರಗಳಿವೆ, ನಡೆಯುವ ಫಂಕ್ಷನ್ನುಗಳಿವೆ, ಕನ್‌ಸ್ಟ್ರಕ್ಟರ್ ಕೂಡ ಇರಬಹುದು. ಇಲ್ಲದಿರುವುದು ಒಂದೆರಡು ಅಂಗಗಳು ಮಾತ್ರ. ಶಾಲೆಯ ಪ್ರಶ್ನೆಪತ್ರಿಕೆಯ 'ಬಿಟ್ಟ ಸ್ಥಳ ತುಂಬಿರಿ' ಇದಕ್ಕೆ ಹತ್ತಿರ. ಅನುಕೂಲಕ್ಕಾಗಿ ಅಮೂರ್ತ ಕರಾರು ಎಂದೇ ಕರೆಯುತ್ತೇನೆ, ನೀವು ಮಾತ್ರ ಬಿಟ್ಟ ಸ್ಥಳವನ್ನು ನೆನಪಿಟ್ಟುಕೊಳ್ಳಿ.

ಒಂದು ಕರಾರನ್ನು ಆಧರಿಸಿ ಇನ್ನೊಂದನ್ನು ಬರೆಯಬಹುದು; ಆಧಾರವಾದದ್ದನ್ನು ತಾಯಿ, ಆಧರಿಸಿದ್ದನ್ನು ಮಗಳು ಎನ್ನೋಣ. ನಿಯಮ ಹೀಗಿದೆ. ಒಂದು ಕರಾರಿನಲ್ಲಿ ಒಂದಾದರೂ ಫಂಕ್ಷನ್ನಿಗೆ ಹೆಸರು, ಬೇಕಾದ ಮಾಹಿತಿ, ಕೊಡುವ ಉತ್ತರದ ಬಗೆ ಇವಿಷ್ಟೇ ಇದ್ದು ಒಡಲು ಇಲ್ಲದಿದ್ದರೆ, ಅದನ್ನು ಅಬ್‌ಸ್ಟ್ರಾಕ್ಟ್ ಎಂದು ಗುರುತಿಸಲೇಬೇಕು. ತಾಯಿ ಕರಾರಿನ ಕನ್‌ಸ್ಟ್ರಕ್ಟರ್ ಕೇಳುವ ಮಾಹಿತಿಯನ್ನು ಮಗಳು ಕರಾರು ಒದಗಿಸದೆ ಮುಂದಿನವರಿಗೆ ಬಿಟ್ಟರೂ ಅಷ್ಟೇ. ಎಲ್ಲ ತುಂಬಿದ್ದರೂ, ಇದನ್ನು ಹೀಗೇ ಜಾಲಕ್ಕೆ ಏರಿಸುವುದು ಬೇಡ ಎಂದು ಅನ್ನಿಸಿದರೆ ಆಗಲೂ ಗುರುತಿಸಬಹುದು. ಹೀಗೆ ಗುರುತಿಸಿದ ಕರಾರಿಗೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಯಂತ್ರಸಂಕೇತವನ್ನೇ ಹೊರಡಿಸುವುದಿಲ್ಲ. ಸಂಕೇತವಿಲ್ಲದೆ ಏರಿಸುವುದಕ್ಕಾಗದು, ಏರದೆ ವಿಳಾಸವಿಲ್ಲ, ವಿಳಾಸವಿಲ್ಲದ ಕಡೆಗೆ ಯಾರೂ ಒಂದು ಬಿಡಿಕಾಸನ್ನೂ ಕಳಿಸಲಾರರು. ಈ ಕೊನೆಯ ಮಾತಿಗೆ ಉಪನ್ಯಾಸದ ಕೊನೆಯಲ್ಲಿ ಮರಳಿ ಬರುತ್ತೇನೆ.

0.6.0ಕ್ಕಿಂತ ಮೊದಲೂ ಅಮೂರ್ತ ಕರಾರುಗಳಿದ್ದವು. ಗುರುತು ಇರಲಿಲ್ಲ, ಅಷ್ಟೇ. ಒಡಲಿಲ್ಲದ ಫಂಕ್ಷನ್ ಒಂದಿದ್ದರೆ ಕರಾರು ಸದ್ದಿಲ್ಲದೆ ಅಮೂರ್ತವಾಗಿಬಿಡುತ್ತಿತ್ತು. ಆ ಕಾಲದಲ್ಲಿ ನಾನು ಒಂದು ಇಡೀ ರಾತ್ರಿ ಕಳೆದುಕೊಂಡಿದ್ದೇನೆ. ತಾಯಿಯಲ್ಲಿ 256 ಬಿಟ್ಟಿನ ಸಂಖ್ಯೆ ತೆಗೆದುಕೊಳ್ಳುವ ಫಂಕ್ಷನ್ ಖಾಲಿ ಇತ್ತು. ಮಗಳಲ್ಲಿ ಅದೇ ಹೆಸರಿನ ಫಂಕ್ಷನ್ ಬರೆದೆ, ಕೈತಪ್ಪಿ 128 ಬಿಟ್ಟು ಎಂದು ಹಾಕಿದೆ. ಸಾಲಿಡಿಟಿಯ ಕಣ್ಣಿಗೆ ಅದು ಬೇರೆಯೇ ಫಂಕ್ಷನ್. ತಾಯಿಯ ಬಿಟ್ಟ ಸ್ಥಳ ಬಿಟ್ಟಂತೆಯೇ ಉಳಿಯಿತು, ಮಗಳೂ ಅಮೂರ್ತವಾದಳು. ಕಂಪೈಲ್ ಆಯಿತು, ತಪ್ಪು ಅನ್ನಲಿಲ್ಲ, ಹೊರಬಂದ ಸಂಕೇತ ಮಾತ್ರ ಶೂನ್ಯ. ಬೆಳಗಿನ ಜಾವಕ್ಕೆ ಕಾರಣ ಕಂಡಾಗ ನನಗೆ ಸಿಟ್ಟಿಗಿಂತ ಹೆದರಿಕೆ ಆಯಿತು. ಏಕೆಂದರೆ ನನ್ನದು ಅದೃಷ್ಟದ ತಪ್ಪು. ತಾಯಿಯಲ್ಲಿ ಆ ಫಂಕ್ಷನ್ನಿಗೆ ಏನಾದರೊಂದು ಒಡಲಿದ್ದಿದ್ದರೆ ಕರಾರು ಜಾಲಕ್ಕೆ ಏರಿಬಿಡುತ್ತಿತ್ತು. ನಾನು ಬರೆದದ್ದನ್ನು ಬಿಟ್ಟು ತಾಯಿಯದನ್ನೇ ನಡೆಸುತ್ತ ಕೂತಿರುತ್ತಿತ್ತು.

ಈಗ ಹಾಗಾಗುವುದಿಲ್ಲ. ತುಂಬಿಸಬಹುದಾದ, ಬದಲಿಸಬಹುದಾದ ಫಂಕ್ಷನ್ ಎಂದು ತಾಯಿ 'ವರ್ಚುವಲ್' ಎಂಬ ಪದದಿಂದ ಒಪ್ಪಿಗೆ ಕೊಡಬೇಕು. ತಾಯಿಯದನ್ನೇ ತುಂಬುತ್ತಿದ್ದೇನೆ ಎಂದು ಮಗಳು 'ಓವರ್‌ರೈಡ್' ಎಂಬ ಪದದಿಂದ ಹೇಳಿಕೊಳ್ಳಬೇಕು. ಇಬ್ಬರ ಮಾತೂ ಕೂಡದಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಮೊದಲು ಎಲ್ಲವೂ ಬದಲಿಸಬಹುದಾದ್ದಾಗಿತ್ತು. ಈಗ ಹೇಳದ ಹೊರತು ಯಾವುದೂ ಬದಲಾಗದು. ನನ್ನ ಮಟ್ಟಿಗೆ ಇದು ಆ ಭಾಷೆಯ ಇತಿಹಾಸದಲ್ಲೇ ದೊಡ್ಡ ತಿರುವು.

ಉದಾಹರಣೆಗೆ ಒಂದು ಚೀಟಿಯನ್ನು ಕಟ್ಟಿ ನೋಡೋಣ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲಾ ಒಂದು ಸಾವಿರ. ತಿಂಗಳಿಗೆ ಇಪ್ಪತ್ತು ಸಾವಿರ ಕೂಡುತ್ತದೆ, ಒಬ್ಬರು ಎತ್ತುತ್ತಾರೆ. ಇಷ್ಟು ಎಲ್ಲ ಚೀಟಿಗೂ ಒಂದೇ. ಈ ತಿಂಗಳು ಯಾರು ಎತ್ತಬೇಕು ಎನ್ನುವಲ್ಲಿ ದಾರಿಗಳು ಬೇರೆಯಾಗುತ್ತವೆ. ಲಾಟರಿ ಚೀಟಿಯಲ್ಲಿ ಡಬ್ಬಿಯಿಂದ ಮಗುವಿನ ಕೈಯಲ್ಲಿ ಹೆಸರು ಎತ್ತಿಸುತ್ತಾರೆ. ಹರಾಜು ಚೀಟಿಯಲ್ಲಿ ತುರ್ತಿದ್ದವರು ಕೂಗುತ್ತಾರೆ, ಹೆಚ್ಚು ಬಿಟ್ಟುಕೊಡಲು ಒಪ್ಪಿದವರಿಗೆ ಚೀಟಿ, ಬಿಟ್ಟುಕೊಟ್ಟದ್ದು ಎಲ್ಲರಿಗೂ ಹಂಚಿಕೆ.

ಇದನ್ನು ಸಾಲಿಡಿಟಿಯಲ್ಲಿ ಬರೆಯುವಾಗ ಮೂಲ ಚೀಟಿಯೊಂದನ್ನು ಅಮೂರ್ತವಾಗಿ ಬರೆಯುತ್ತೇನೆ. (ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡಲು ಆ ಭಾಷೆ ಬಿಡುವುದಿಲ್ಲ. ಟಿಪ್ಪಣಿಗಳಲ್ಲಿ ಕನ್ನಡ ಬರೆಯಬಹುದು, ನಾನು ಬರೆಯುತ್ತೇನೆ.) ಸದಸ್ಯರು ಯಾರು, ಕಂತು ಎಷ್ಟು, ಯಾರು ಕಟ್ಟಿದ್ದಾರೆ, ಯಾರು ಆಗಲೇ ಎತ್ತಿದ್ದಾರೆ ಎಂಬ ಲೆಕ್ಕ ಈ ತಾಯಿ ಕರಾರಿನಲ್ಲಿರುತ್ತದೆ. ಕಂತು ಕಟ್ಟುವ ಫಂಕ್ಷನ್ ಇಲ್ಲೇ ಪೂರ್ತಿಯಾಗಿದೆ, ಅದಕ್ಕೆ ವರ್ಚುವಲ್ ಎಂಬ ಒಪ್ಪಿಗೆ ಇಲ್ಲ. ತಿಂಗಳು ಮುಗಿಸುವ ಫಂಕ್ಷನ್ನೂ ಹಾಗೆಯೇ. ಅದರೊಳಗೆ ಹೆಜ್ಜೆಗಳ ಕ್ರಮ ಗಟ್ಟಿಯಾಗಿ ಕೂತಿದೆ: ಎಲ್ಲರೂ ಕಟ್ಟಿದ್ದಾರೆಯೇ ನೋಡು, ಯಾರಿಗೆ ಎಂದು ಕೇಳು, ಉತ್ತರವಾಗಿ ಬಂದವರು ಸದಸ್ಯರೇ, ಮೊದಲು ಎತ್ತಿಲ್ಲದವರೇ ನೋಡು, ಎಷ್ಟು ಎಂದು ಕೇಳು, ಕೂಡಿದ ಹಣಕ್ಕಿಂತ ಹೆಚ್ಚಲ್ಲವಷ್ಟೇ ನೋಡು, ಅವರ ಲೆಕ್ಕಕ್ಕೆ ಬರೆ, ಉಳಿದದ್ದನ್ನು ಎಲ್ಲರ ಲೆಕ್ಕಕ್ಕೆ ಸಮನಾಗಿ ಬರೆ.

'ಯಾರಿಗೆ' ಎಂಬುದು ಒಡಲಿಲ್ಲದ ಫಂಕ್ಷನ್. ಕೆಂಪು ಗೆರೆ. ಅದನ್ನು ತುಂಬದೆ ಯಾವ ಚೀಟಿಯೂ ಶುರುವಾಗುವಂತಿಲ್ಲ. 'ಎಷ್ಟು' ಎಂಬುದು ಇನ್ನೊಂದು ಬಗೆಯದು. ಅದಕ್ಕೆ ಒಡಲಿದೆ, ಪೂರ್ತಿ ಮೊತ್ತ ಎಂಬ ಉತ್ತರವಿದೆ, ಆದರೆ ವರ್ಚುವಲ್ ಎಂಬ ಒಪ್ಪಿಗೆಯೂ ಇದೆ. ಲಾಟರಿ ಚೀಟಿ 'ಯಾರಿಗೆ'ಯನ್ನು ಮಾತ್ರ ತುಂಬಿ 'ಎಷ್ಟು'ವನ್ನು ಮುಟ್ಟದೆ ಬಿಡುತ್ತದೆ. ಹರಾಜು ಚೀಟಿ ಎರಡನ್ನೂ ಬರೆದುಕೊಳ್ಳುತ್ತದೆ. ಹೀಗೆ ಒಂದೇ ಕರಾರಿನೊಳಗೆ ಮೂರು ಬಗೆಯ ಮಾತುಗಳಿವೆ: ಬದಲಿಸಲಾಗದ್ದು, ಬೇಕಿದ್ದರೆ ಬದಲಿಸಬಹುದಾದ್ದು, ತುಂಬಲೇಬೇಕಾದ್ದು. ಯಾವ ಫಂಕ್ಷನ್ ಯಾವ ಬಗೆಗೆ ಸೇರಬೇಕು ಎಂದು ತೀರ್ಮಾನಿಸುವುದೇ ಈ ಕಸುಬಿನ ನಿಜವಾದ ವಿದ್ಯೆ. ಕೋಡ್ ಬರೆಯುವುದು ಅದರ ನಂತರದ ಸುಲಭದ ಕೆಲಸ.

ಯಕ್ಷಗಾನ ಬಲ್ಲವರು ಈಗಾಗಲೇ ತಾಳಮದ್ದಳೆಯನ್ನು ನೆನೆದಿರುತ್ತೀರಿ. ಪ್ರಸಂಗದ ಪದ್ಯಗಳ ಕ್ರಮ ಗೊತ್ತಾದದ್ದು, ಅರ್ಥ ಹೇಳುವುದು ಅರ್ಥಧಾರಿಯ ಪಾಲಿಗೆ ಬಿಟ್ಟದ್ದು. ಯಾವಾಗ ಮಾತಾಡಬೇಕು ಎಂಬುದನ್ನು ಭಾಗವತರ ಪದ್ಯ ನಿರ್ಧರಿಸುತ್ತದೆ. ಚೀಟಿಯಲ್ಲೂ ಮಗಳು ಕರಾರು ತಾಯಿಯನ್ನು ಕರೆಯುತ್ತಿಲ್ಲ. ತಾಯಿಯೇ ಸರಿಯಾದ ಹೊತ್ತಿಗೆ ಮಗಳನ್ನು ಕರೆಯುತ್ತಾಳೆ.

ಹೆಜ್ಜೆಗಳ ಕ್ರಮವನ್ನು ಯಾರ ಕೈಗೂ ಕೊಡದಿರುವುದಕ್ಕೆ ಒಂದು ನೋವಿನ ಕಾರಣವಿದೆ. 2016ರ ಜೂನ್ 17ರಂದು ದ ಡಾವೊ ಎಂಬ ದೊಡ್ಡ ಕರಾರಿನಿಂದ ಸುಮಾರು 36 ಲಕ್ಷ ಈಥರ್ ಹರಿದುಹೋಯಿತು. ಆ ಕರಾರು ಹಣವನ್ನು ಮೊದಲು ಕಳಿಸಿ ಲೆಕ್ಕವನ್ನು ಆಮೇಲೆ ಅಳಿಸುತ್ತಿತ್ತು. ಹಣ ತೆಗೆದುಕೊಂಡವನೂ ಒಂದು ಕರಾರೇ. ಹಣ ಕೈಸೇರಿದ ಕ್ಷಣದಲ್ಲಿ, ಲೆಕ್ಕ ಅಳಿಯುವ ಮೊದಲೇ, ಅದು ಮತ್ತೆ ಕೇಳಿತು, ಮತ್ತೆ ಕೊಟ್ಟಿತು, ಮತ್ತೆ ಕೇಳಿತು. ಮರುತಿಂಗಳು ಇಡೀ ಜಾಲವನ್ನೇ ಎರಡಾಗಿ ಒಡೆದು ಆ ಹಣವನ್ನು ಹಿಂದೆ ತರಬೇಕಾಯಿತು. ಎರಡು ಸಾಲುಗಳ ಹಿಂದುಮುಂದಿನ ಬೆಲೆ ಅದು. ಇಂಥ ಕ್ರಮವನ್ನು ಅಮೂರ್ತ ಕರಾರಿನಲ್ಲಿ ಒಮ್ಮೆ ಸರಿಯಾಗಿ ಬರೆದು ಬೀಗ ಹಾಕಿದರೆ, ಅದನ್ನು ಆಧರಿಸಿದ ಹತ್ತು ಚೀಟಿಗಳಲ್ಲೂ ಅದೇ ಕ್ರಮ ನಡೆಯುತ್ತದೆ. ನನ್ನ ಚೀಟಿಯಲ್ಲಿ ಇನ್ನೂ ಒಂದು ಎಚ್ಚರವಿದೆ: ತಿಂಗಳು ಮುಗಿಸುವಾಗ ಹಣವನ್ನು ಯಾರಿಗೂ ಕಳಿಸುವುದಿಲ್ಲ, ಲೆಕ್ಕಕ್ಕೆ ಬರೆಯುತ್ತದೆ ಮಾತ್ರ. ಎತ್ತಿದವರು ಬೇರೆಯಾಗಿ ಬಂದು ಪಡೆದುಕೊಳ್ಳಬೇಕು. ಒಬ್ಬರ ವಿಳಾಸ ಹಣವನ್ನು ನಿರಾಕರಿಸಿದರೆ ಇಪ್ಪತ್ತು ಜನರ ಚೀಟಿ ನಿಲ್ಲಬಾರದಲ್ಲ.

ಬೀಗ ಎಂದೆ. ಫಂಕ್ಷನ್ನಿಗೆ ಬೀಗ ಹಾಕಿ ಚರಗಳನ್ನು ತೆರೆದಿಟ್ಟರೆ ಉಪಯೋಗವಿಲ್ಲ. ಏನೂ ಹೇಳದೆ ಬರೆದ ಚರವನ್ನು ಮಗಳು ಕರಾರು ತಿದ್ದಬಲ್ಲದು. 'ಯಾರಿಗೆ' ಎಂದು ಕೇಳಿದಾಗ ಹೆಸರು ಹೇಳುವ ನೆಪದಲ್ಲಿ ಲೆಕ್ಕವನ್ನೇ ಬದಲಿಸಿಬಿಡಬಲ್ಲದು. ಆದ್ದರಿಂದ ಲೆಕ್ಕದ ಚರಗಳನ್ನು 'ಪ್ರೈವೇಟ್' ಎಂದು ಗುರುತಿಸಿ, ಓದಲು ಮಾತ್ರ ಒಂದು ಫಂಕ್ಷನ್ ಕೊಡಬೇಕು. ಪ್ರೈವೇಟ್ ಎಂದರೆ ಗುಟ್ಟು ಎಂದು ತಿಳಿಯಬೇಡಿ. ಜಾಲದ ಮೇಲಿರುವುದನ್ನು ಲೋಕವೆಲ್ಲ ಓದಬಹುದು. ಮಗಳು ಬರೆಯಲಾರಳು ಎಂಬುದಷ್ಟೇ ಅದರ ಅರ್ಥ.

ಇನ್ನು ಬಿಟ್ಟ ಸ್ಥಳವನ್ನು ತುಂಬುವವರ ಕಷ್ಟ. ಡಬ್ಬಿಯಿಂದ ಹೆಸರೆತ್ತುವುದು ಬೀದಿಯಲ್ಲಿ ಸುಲಭ, ಈಥೀರಿಯಂನಲ್ಲಿ ಅತ್ಯಂತ ಕಷ್ಟ. ಜಾಲದ ಎಲ್ಲ ಕಂಪ್ಯೂಟರುಗಳೂ ಒಂದೇ ಉತ್ತರಕ್ಕೆ ಬರಬೇಕಾದ ಕಡೆ ಆಕಸ್ಮಿಕ ಎಂಬುದು ಎಲ್ಲಿಂದ ಬರಬೇಕು? ಜಾಲ ನಡೆಯುವ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ಬದಲಾದ ನಂತರ, ಅದೇ ಪ್ರತಿ ಬ್ಲಾಕಿನ, ಅಂದರೆ ಒಟ್ಟಿಗೆ ದಾಖಲಾಗುವ ವ್ಯವಹಾರಗಳ ಕಂತೆಯ, ಜೊತೆ ಒಂದು ಅಂಕೆಯನ್ನು ಕೊಡುತ್ತದೆ. ಆದರೆ ಬ್ಲಾಕ್ ಮುಂದಿಡುವ ಸರದಿ ಬಂದವರು, ತಮಗೆ ಒಗ್ಗದ ಅಂಕೆ ಬರುವಂತಿದ್ದರೆ ಆ ಬ್ಲಾಕನ್ನೇ ಕೊಡದೆ ಬಿಟ್ಟು ಅದನ್ನು ತುಸು ವಾಲಿಸಬಲ್ಲರು. ಸಣ್ಣ ಚೀಟಿಗೆ ಪರವಾಗಿಲ್ಲ, ಕೋಟಿಯ ಚೀಟಿಗೆ ಸಾಲದು. ಮೂಲ ಚೀಟಿ ಈ ತೀರ್ಮಾನವನ್ನು ತಾನು ತೆಗೆದುಕೊಳ್ಳದೆ ಖಾಲಿ ಬಿಟ್ಟದ್ದು ಇದಕ್ಕೇ. ಇನ್ನೊಂದನ್ನೂ ಹೇಳಿಬಿಡಬೇಕು. ಮೊದಲ ತಿಂಗಳೇ ಎತ್ತಿ ಎರಡನೆಯ ತಿಂಗಳಿಂದ ಕಟ್ಟದವರ ಮನೆಗೆ ಹೋಗಿ ಕೂರಲು ಕೋಡಿಗೆ ಕಾಲಿಲ್ಲ. ಠೇವಣಿಯನ್ನು ಮುಂಚೆಯೇ ಹಿಡಿದಿಡಬಹುದು. ಜಾಮೀನು ನಿಂತ ನೆರೆಯವರ ಮುಖದಾಕ್ಷಿಣ್ಯ ಅದರೊಳಗೆ ಬರುವುದಿಲ್ಲ.

ಇಂಟರ್‌ಫೇಸ್ ಎಂಬುದನ್ನು ಇದರೊಡನೆ ಬೆರೆಸುವವರಿದ್ದಾರೆ. ಇಂಟರ್‌ಫೇಸಿನಲ್ಲಿ ಒಂದು ಫಂಕ್ಷನ್ನಿಗೂ ಒಡಲಿರುವುದಿಲ್ಲ, ಲೆಕ್ಕದ ಚರಗಳಿಲ್ಲ, ಕನ್‌ಸ್ಟ್ರಕ್ಟರ್ ಇಲ್ಲ. ಅದು ಹೊರಗಿನವರಿಗೆ ಕೊಟ್ಟ ಮಾತು. 2015ರಲ್ಲಿ ಫೇಬಿಯನ್ ಫೋಗೆಲ್‌ಸ್ಟೆಲ್ಲರ್ ಮುಂದಿಟ್ಟ ಇಆರ್‌ಸಿ-20 ಎಂಬ ಟೋಕನ್ ಒಡಂಬಡಿಕೆ ಅಂಥದ್ದು. ಅಮೂರ್ತ ಕರಾರು ಒಳಗಿನವರಿಗೆ, ಮುಂದೆ ಇದನ್ನು ಬರೆದು ಮುಗಿಸುವವರಿಗೆ, ಬಿಟ್ಟುಹೋದ ಅರ್ಧ ಕೆಲಸ.

ಹೀಗೆ ಬಿಟ್ಟುಹೋದ ಅರ್ಧ ಕೆಲಸಗಳ ದೊಡ್ಡ ಕಣಜವೊಂದಿದೆ, ಓಪನ್‌ಜೆಪ್ಪೆಲಿನ್ ಎಂಬ ಗ್ರಂಥಾಲಯ. ಒಡೆತನ ನೋಡಿಕೊಳ್ಳುವ 'ಓನಬಲ್', ತಾತ್ಕಾಲಿಕವಾಗಿ ನಿಲ್ಲಿಸಲು ಬರುವ 'ಪಾಸಬಲ್', ಡಾವೊದಂಥ ಮರುಕರೆಯನ್ನು ತಡೆಯುವ 'ರೀಎಂಟ್ರೆನ್ಸಿ ಗಾರ್ಡ್' ಎಲ್ಲವೂ ಅಲ್ಲಿ ಅಮೂರ್ತ ಕರಾರುಗಳು. ನನಗೆ ಅಚ್ಚುಮೆಚ್ಚಿನದು 2023ರ ಐದನೆಯ ಆವೃತ್ತಿಯ ಒಂದು ಬದಲಾವಣೆ. ಅಲ್ಲಿಯವರೆಗೆ ಟೋಕನ್ನಿನ ಮೂಲ ಕರಾರು ಸಾಮಾನ್ಯ ಕರಾರಾಗಿತ್ತು, ಈಗ ಅಮೂರ್ತವಾಯಿತು. ಅದರಲ್ಲಿ ಒಡಲಿಲ್ಲದ ಫಂಕ್ಷನ್ ಒಂದೂ ಇಲ್ಲ. ಆದರೆ ಹಾಗೇ ಏರಿಸಿದರೆ ಟೋಕನ್ ಸಂಖ್ಯೆ ಸೊನ್ನೆ. ಹೊಸದಾಗಿ ಟಂಕಿಸುವ ದಾರಿಯನ್ನು ಹೊರಗಿನವರಿಗೆ ಅದು ತೆರೆದಿಲ್ಲ. ಯಾರು, ಎಷ್ಟು ಟಂಕಿಸಬೇಕು ಎಂಬುದನ್ನು ನೀವು ಹೇಳಬೇಕು. ಖಾಲಿ ಜಾಗ ಸಾಲುಗಳಲ್ಲಿ ಇರಲಿಲ್ಲ, ಉದ್ದೇಶದಲ್ಲಿತ್ತು. ಅದಕ್ಕೂ ಗೆರೆ ಎಳೆದರು.

ಒಬ್ಬ ಮಗಳಿಗೆ ಹಲವು ತಾಯಂದಿರು ಇರಬಹುದಾದ್ದರಿಂದ ತಾಯಂದಿರ ಸರದಿ ಮುಖ್ಯವಾಗುತ್ತದೆ. ತೀರಾ ಮೂಲದವರನ್ನು ಮೊದಲು, ಹತ್ತಿರದವರನ್ನು ಕೊನೆಗೆ ಬರೆಯಬೇಕೆಂಬ ನಿಯಮವಿದೆ. ಇಬ್ಬರಲ್ಲೂ ಒಂದೇ ಫಂಕ್ಷನ್ ಇದ್ದರೆ ಮಗಳು ಇಬ್ಬರ ಹೆಸರನ್ನೂ ಹೇಳಿಯೇ ತುಂಬಬೇಕು. ಏರುವ ಹೊತ್ತಿಗೆ ಇವರೆಲ್ಲರ ಕೋಡೂ ಮಗಳೊಳಗೆ ಕರಗಿ ಒಂದೇ ಕರಾರಾಗುತ್ತದೆ. ಈಥೀರಿಯಂನಲ್ಲಿ ಒಂದು ಕರಾರು 24,576 ಬೈಟುಗಳನ್ನು ಮೀರುವಂತಿಲ್ಲ, ಆದ್ದರಿಂದ ತಾಯಂದಿರು ಪುಕ್ಕಟೆಯಲ್ಲ.

ಪ್ರತಿ ಚೀಟಿಯೂ ತಾಯಿಯ ಕೋಡನ್ನು ತನ್ನೊಳಗೆ ಹೊರುವುದು ದುಂದಲ್ಲವೇ, ಒಂದೇ ಕಡೆ ಏರಿಸಿ ಎಲ್ಲರೂ ಅದನ್ನೇ ಬಳಸಬಾರದೇ ಎಂದು ನೀವು ಕೇಳಬಹುದು. ಪ್ಯಾರಿಟಿ ಎಂಬ ಬಹುಸಹಿ ಪರ್ಸನ್ನು ಕಟ್ಟಿದವರು ಹಾಗೆಯೇ ಮಾಡಿದರು. ಪ್ರತಿಯೊಬ್ಬರ ಪರ್ಸೂ ತೆಳುವಾದ ಒಂದು ಕರಾರು, ಕೆಲಸವನ್ನೆಲ್ಲ ಮಾಡಿಕೊಡುವುದು ಜಾಲದ ಮೇಲೆ ಒಂದೇ ವಿಳಾಸದಲ್ಲಿ ಕೂತ ಗ್ರಂಥಾಲಯ. ಖರ್ಚು ಉಳಿಯುತ್ತಿತ್ತು. 2017ರ ಜುಲೈನಲ್ಲಿ, ಒಡೆಯರನ್ನು ನೇಮಿಸುವ ಫಂಕ್ಷನ್ ಹೊರಗಿನವರ ಕೈಗೆ ಎಟುಕುತ್ತಿದ್ದುದರಿಂದ ಒಂದೂವರೆ ಲಕ್ಷದಷ್ಟು ಈಥರ್ ಕಳುವಾಯಿತು. ಒಮ್ಮೆ ನೇಮಿಸಿದ ಮೇಲೆ ಮತ್ತೆ ನೇಮಿಸಲಾಗದಂತೆ ತಿದ್ದಿ ಹೊಸ ಗ್ರಂಥಾಲಯವನ್ನು ಏರಿಸಿದರು.

ಆ ಗ್ರಂಥಾಲಯ ತಾನಾಗಿ ಪರ್ಸಾಗಲು ಹುಟ್ಟಿದ್ದಲ್ಲ. ಉದ್ದೇಶದಲ್ಲಿ ಅದು ಕರಡು. ಆದರೆ ಅದಕ್ಕೆ ವಿಳಾಸವಿತ್ತು, ಜೀವವಿತ್ತು, ತುಂಬದೆ ಬಿಟ್ಟ ಒಡೆಯನ ಜಾಗವಿತ್ತು. ಆ ಜಾಗಕ್ಕೆ ಗೆರೆ ಎಳೆದವರಿರಲಿಲ್ಲ. ಅಮೂರ್ತ ಎಂದು ಗುರುತಿಸಿ ಮುಂದೆ ಆದ ಅನಾಹುತವನ್ನು ತಪ್ಪಿಸಬಹುದಿತ್ತು ಎಂದರೆ ಸುಳ್ಳಾಗುತ್ತದೆ. ಅಮೂರ್ತ ಕರಾರು ಕಂಪೈಲರಿನ ಮನೆಯೊಳಗಿನ ವಿಷಯ, ಜಾಲದ ಮೇಲೆ ಹಂಚಿಕೊಳ್ಳುವ ಗ್ರಂಥಾಲಯ ಏರಲೇಬೇಕು. ಏರಬೇಕಾದ ಕರಡಿನ ಖಾಲಿ ಜಾಗವನ್ನು ಏರಿಸುವ ಹೊತ್ತಿಗೇ ತುಂಬಿ ಮುಚ್ಚಬೇಕು. ಓಪನ್‌ಜೆಪ್ಪೆಲಿನ್‌ನವರು ಈಗ ಅಂಥ ಕರಾರುಗಳ ಕನ್‌ಸ್ಟ್ರಕ್ಟರಿನಲ್ಲೇ ನೇಮಕಾತಿಯನ್ನು ಮುಚ್ಚಿಬಿಡುವ ಒಂದು ಸಾಲನ್ನು ಹಾಕಿಸುತ್ತಾರೆ.

2017ರ ನವೆಂಬರ್ 6ರಂದು ಯಾರೋ ಒಬ್ಬರು ಗ್ರಂಥಾಲಯದ ವಿಳಾಸಕ್ಕೇ ನೇರವಾಗಿ ಹೋಗಿ ಆ ನೇಮಕದ ಫಂಕ್ಷನ್ನನ್ನು ಕರೆದರು. ಒಡೆಯ ಯಾರೂ ಇಲ್ಲದ್ದರಿಂದ ಅವರೇ ಒಡೆಯರಾದರು. ಆಮೇಲೆ, ಒಡೆಯರು ಮಾತ್ರ ಕರೆಯಬಹುದಾದ, ಕರಾರನ್ನೇ ಅಳಿಸಿಹಾಕುವ ಫಂಕ್ಷನ್ನನ್ನು ಕರೆದರು. ಅದನ್ನು ನಂಬಿದ್ದ 587 ಪರ್ಸುಗಳು ಹೇಗಿದ್ದವೋ ಹಾಗೇ ಉಳಿದವು, ಕೆಲಸ ಮಾಡಿಕೊಡುವ ವಿಳಾಸದಲ್ಲಿ ಮಾತ್ರ ಏನೂ ಇರಲಿಲ್ಲ. ಕಳ್ಳತನವಾಗಲಿಲ್ಲ, ಯಾರ ಕೈಗೂ ಹೋಗಲಿಲ್ಲ. 5,13,774 ಈಥರ್ ಇವತ್ತಿಗೂ ಅಲ್ಲೇ ಇದೆ. ವಿಳಾಸ ಹಾಕಿ ನೋಡಿದರೆ ಮೊತ್ತ ಕಾಣುತ್ತದೆ.